ಉಪವಾಸಿಯ ಬಾಯಿ ಮತ್ತು ಕಸ್ತೂರಿಯ ಪರಿಮಳ

ರಂಜಾನ್ ತಿಂಗಳು ಬಂತೆಂದರೆ ನನ್ನ ಬಲಗೈ ತಾನಾಗಿಯೇ ಬಾಯಿಯತ್ತ ಹೋಗುತ್ತದೆ. ಮೂವತ್ತು ವರ್ಷಗಳ ಅಧ್ಯಾಪನ ವೃತ್ತಿ ಕಲಿಸಿದ ಅಭ್ಯಾಸವಿದು. ಮಧ್ಯಾಹ್ನದ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಸಂದೇಹ ಕೇಳಲು ಮೇಜಿನ ಬಳಿ ಬಂದರೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ; ಮಾತು ಮುಗಿಯುವವರೆಗೂ ಕರವಸ್ತ್ರ ತುಟಿಯ ಮೇಲಿರುತ್ತಿತ್ತು. ಉಪವಾಸಿಯ ಹಸಿವು, ಬಾಯಾರಿಕೆಗಳನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ಅವನ ಬಾಯಿಯ ವಾಸನೆಯನ್ನು ಕುರಿತು ಮಾತನಾಡಲು ಎಲ್ಲರಿಗೂ ಸಂಕೋಚ. ಆ ಸಂಕೋಚಕ್ಕೆ ನಮ್ಮ ಮನೆ ತೆತ್ತ ಬೆಲೆ ಸಣ್ಣದಲ್ಲ.

ನಾನು ಹುಟ್ಟಿದ್ದು ದಕ್ಷಿಣ ಕನ್ನಡದ ಒಂದು ಬ್ಯಾರಿ ಕುಟುಂಬದಲ್ಲಿ. ಕರಾವಳಿಯ ಬ್ಯಾರಿಗಳು ಬಹುಪಾಲು ಶಾಫಿ ಕರ್ಮಶಾಸ್ತ್ರವನ್ನು ಅನುಸರಿಸುವವರು. ಸೂರ್ಯ ನೆತ್ತಿಯಿಂದ ಪಶ್ಚಿಮಕ್ಕೆ ವಾಲಿದ ಮೇಲೆ ಉಪವಾಸಿಯು ಹಲ್ಲುಜ್ಜುವುದು ಅನಪೇಕ್ಷಿತ ಎಂಬುದು ಆ ಪಂಥದ ಪ್ರಸಿದ್ಧ ಅಭಿಪ್ರಾಯ. ಅದಕ್ಕೆ ಆಧಾರ ಒಂದು ಹದೀಸ್. ಉಪವಾಸಿಯ ಬಾಯಿಯ ವಾಸನೆ ಅಲ್ಲಾಹನಿಗೆ ಕಸ್ತೂರಿಯ ಪರಿಮಳಕ್ಕಿಂತಲೂ ಪ್ರಿಯವಾದುದು ಎಂದು ಪ್ರವಾದಿ ಮುಹಮ್ಮದರು ಹೇಳಿದುದಾಗಿ ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳೆರಡರಲ್ಲೂ ದಾಖಲಾಗಿದೆ. ಹುತಾತ್ಮನ ಮೈಮೇಲಿನ ರಕ್ತವನ್ನು ತೊಳೆಯದೆ ದಫನ ಮಾಡುವಂತೆ, ಆರಾಧನೆಯ ಈ ಗುರುತನ್ನೂ ಅಳಿಸಬಾರದು ಎಂಬುದು ಆ ಪಂಡಿತರ ತರ್ಕ.

ನನ್ನ ತಾಯಿಗೆ ತರ್ಕಗಳು ತಿಳಿದಿರಲಿಲ್ಲ, ನಿಯಮ ತಿಳಿದಿತ್ತು. ಸಹರಿ ಮುಗಿದೊಡನೆ ಮಾವಿನೆಲೆಗೆ ಉಪ್ಪು ಸೇರಿಸಿ ಹಲ್ಲುಜ್ಜುತ್ತಿದ್ದರು. ಅಲ್ಲಿಂದ ಸೂರ್ಯಾಸ್ತದವರೆಗೆ ವುಜೂವಿನ ನೀರಲ್ಲದೆ ಬೇರೇನೂ ಬಾಯಿಗೆ ತಾಗುತ್ತಿರಲಿಲ್ಲ. 1989ರ ರಂಜಾನ್ ಕಡುಬೇಸಿಗೆಯಲ್ಲಿ ಬಂದಿತ್ತು. ನಾನಾಗ ಪದವಿ ವಿದ್ಯಾರ್ಥಿ. ಎರಡನೆಯ ವಾರದಲ್ಲಿ ಅಮ್ಮನ ಉಸಿರು ಬದಲಾದುದು ನನ್ನ ಗಮನಕ್ಕೆ ಬಂತು. ಅದು ಪ್ರತಿವರ್ಷದ ವಾಸನೆಯಾಗಿರಲಿಲ್ಲ. ಆದರೂ ಉಪವಾಸದ್ದೇ ಇರಬೇಕು, ಅದರ ಬಗ್ಗೆ ಮಾತನಾಡುವುದು ಪಾಪ ಎಂದುಕೊಂಡು ಸುಮ್ಮನಾದೆ. ಹಲ್ಲುನೋವನ್ನು ಅವರೂ ಯಾರಿಗೂ ಹೇಳಲಿಲ್ಲ. ಕೆನ್ನೆ ಊದಿಕೊಂಡಾಗಲೂ, ವೈದ್ಯರು ಬಾಯಿಗೆ ಔಷಧಿ ಹಾಕಿದರೆ ಉಪವಾಸ ಮುರಿಯುತ್ತದೆ, ಹಬ್ಬ ಕಳೆಯಲಿ ಎಂದರು. ಹಬ್ಬದ ಮರುದಿನ ಆಸ್ಪತ್ರೆಗೆ ಸೇರಿಸುವ ವೇಳೆಗೆ ಕೀವು ದವಡೆಯನ್ನು ದಾಟಿ ಕುತ್ತಿಗೆಗೆ ಇಳಿದಿತ್ತು. ಜೀವ ಉಳಿಯಿತು, ನಾಲ್ಕು ಹಲ್ಲು ಹೋದವು. ನಾವು ಕಸ್ತೂರಿಯೆಂದು ಗೌರವಿಸಿದ್ದು ಕೀವಿನ ವಾಸನೆಯನ್ನು!

ನೌಕರಿಗೆಂದು ಬೆಂಗಳೂರಿಗೆ ಬಂದಾಗ ಕಲಬುರಗಿ ಕಡೆಯ ಗೆಳೆಯನೊಬ್ಬ ಕೊಠಡಿಯ ಸಂಗಾತಿಯಾದ. ಆತ ಹನಫಿ ಪಂಥದವನು. ಶಿವಾಜಿನಗರದಿಂದ ಮಿಸ್ವಾಕ್ ಕಡ್ಡಿಗಳ ಕಟ್ಟು ತಂದಿಟ್ಟುಕೊಂಡು ಉಪವಾಸದ ಸಂಜೆ ಅಸರ್ ನಮಾಜಿಗೆ ಮುನ್ನ ನಿಶ್ಚಿಂತೆಯಿಂದ ಹಲ್ಲುಜ್ಜುತ್ತಿದ್ದ. ನಾನು ದಂಗಾದೆ. ‘ಪ್ರವಾದಿಯವರು ಉಪವಾಸವಿದ್ದಾಗ ಹಲ್ಲುಜ್ಜುತ್ತಿದ್ದುದನ್ನು ಕಂಡವರಿದ್ದಾರೆ. ನಿನಗೇನು ಅಡ್ಡಿ?’ ಎಂದು ನಕ್ಕ. ನಾನು ಪುಸ್ತಕ ಬಿಚ್ಚಿದ್ದು ಆಗಲೇ.

ಅಲ್ಲಿ ಕಂಡದ್ದು ನಾನು ನಿರೀಕ್ಷಿಸಿರದ ವಿಶಾಲ ಜಗತ್ತು. ಜನರಿಗೆ ಹೊರೆಯಾಗದಿರುತ್ತಿದ್ದರೆ ಪ್ರತಿ ನಮಾಜಿಗೂ ಮಿಸ್ವಾಕನ್ನು ಕಡ್ಡಾಯಗೊಳಿಸುತ್ತಿದ್ದೆ ಎಂದಿದ್ದರು ಪ್ರವಾದಿ; ಉಪವಾಸದ ದಿನಗಳನ್ನು ಅಲ್ಲಿ ಹೊರಗಿಟ್ಟಿಲ್ಲ. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂದೂ, ಮನುಷ್ಯರನ್ನು ನೋಯಿಸುವುದು ದೇವದೂತರನ್ನೂ ನೋಯಿಸುತ್ತದೆಂದೂ ಹೇಳಿದವರು ಅವರೇ. ಖಾಲಿ ಹೊಟ್ಟೆಯ ವಾಸನೆಯನ್ನು ಹಲ್ಲುಕಡ್ಡಿ ಅಳಿಸಲಾರದು, ಆದ್ದರಿಂದ ಉಜ್ಜಿದರೆ ಆ ಪುಣ್ಯಕ್ಕೆ ಕುಂದಿಲ್ಲ ಎಂಬ ವಾದವನ್ನೂ ಪಂಡಿತರು ಮುಂದಿಟ್ಟಿದ್ದರು. ಹೆಚ್ಚಿನ ಅಚ್ಚರಿ ಕಾದಿದ್ದುದು ನನ್ನ ಪಂಥದೊಳಗೇ. 1277ರಲ್ಲಿ ನಿಧನರಾದ ಇಮಾಮ್ ನವವಿ ಶಾಫಿ ಪಂಥದ ಅತ್ಯುನ್ನತ ವಿದ್ವಾಂಸರಲ್ಲೊಬ್ಬರು. ಮಧ್ಯಾಹ್ನದ ನಂತರವೂ ಹಲ್ಲುಜ್ಜುವುದರಲ್ಲಿ ದೋಷವಿಲ್ಲವೆಂಬ ಅಭಿಪ್ರಾಯವನ್ನು ಅವರು ತಮ್ಮ ‘ಅಲ್ ಮಜ್‌ಮೂ’ ಗ್ರಂಥದಲ್ಲಿ ಎತ್ತಿಹಿಡಿದಿದ್ದಾರೆ.

ಅಮ್ಮನ ಭಯಕ್ಕೆ ನೇರ ಉತ್ತರ ಬಂದದ್ದು 1997ರಲ್ಲಿ. ಆ ವರ್ಷ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಖ್ ಅಕಾಡೆಮಿಯ ಹತ್ತನೆಯ ಅಧಿವೇಶನ ಉಪವಾಸ ಮತ್ತು ವೈದ್ಯಕೀಯ ಚಿಕಿತ್ಸೆಯ ಪ್ರಶ್ನೆಗಳನ್ನು ಚರ್ಚಿಸಿತು. ಹಲ್ಲು ಕೊರೆಯುವುದು, ಕೀಳುವುದು, ಶುಚಿಗೊಳಿಸುವುದು, ಬ್ರಷ್ ಅಥವಾ ಮಿಸ್ವಾಕ್ ಬಳಸುವುದು, ಔಷಧದ ನೀರಿನಿಂದ ಬಾಯಿ ಮುಕ್ಕಳಿಸುವುದು ಯಾವುದೂ ಉಪವಾಸವನ್ನು ಮುರಿಯುವುದಿಲ್ಲ, ಗಂಟಲಿಗಿಳಿದದ್ದನ್ನು ನುಂಗದಿದ್ದರೆ ಸಾಕು ಎಂದು ನಿರ್ಣಯಿಸಿತು. ನಮ್ಮ ಮನೆಗೆ ಅದು ಎಂಟು ವರ್ಷ ತಡವಾಗಿತ್ತು.

ವೈದ್ಯವಿಜ್ಞಾನ ಹೇಳುವುದೂ ಅರಿಯತಕ್ಕದ್ದೇ. ಬಾಯಿಯನ್ನು ಸದಾ ತೊಳೆಯುವುದು ಜೊಲ್ಲು. ನೀರು, ಆಹಾರಗಳಿಲ್ಲದಾಗ ಅದು ಕಡಿಮೆಯಾಗುತ್ತದೆ. ನಾಲಗೆಯ ಹಿಂಭಾಗದಲ್ಲೂ ಹಲ್ಲುಗಳ ಸಂದಿಯಲ್ಲೂ ನೆಲೆಸಿದ ಬ್ಯಾಕ್ಟೀರಿಯಾಗಳು ಪ್ರೋಟೀನ್‌ಗಳನ್ನು ಒಡೆದು ಗಂಧಕಯುಕ್ತ ಅನಿಲಗಳನ್ನು ಹೊರಬಿಡುತ್ತವೆ. ಉಪವಾಸ ದೀರ್ಘವಾದಾಗ ದೇಹ ಕೊಬ್ಬನ್ನು ಕರಗಿಸುವುದರಿಂದ ಹುಟ್ಟುವ ಅಸಿಟೋನ್ ಉಸಿರಿನಲ್ಲಿ ಸೇರಿಕೊಳ್ಳುತ್ತದೆ. ಮೊದಲನೆಯದನ್ನು ಶುಚಿತ್ವದಿಂದ ಬಹುಮಟ್ಟಿಗೆ ತಡೆಯಬಹುದು. ಎರಡನೆಯದನ್ನು ಯಾವ ಬ್ರಷ್ಷೂ ಅಳಿಸಲಾರದು; ಅದಕ್ಕಾಗಿ ಯಾರೂ ನಾಚಬೇಕಿಲ್ಲ. ಆದರೆ ಮಧುಮೇಹವಿರುವವರ ಉಸಿರಿನಲ್ಲಿ ಕೊಳೆತ ಹಣ್ಣಿನಂತಹ ವಾಸನೆಯೂ ಜೊತೆಗೆ ವಾಂತಿ, ಏದುಸಿರೂ ಕಂಡರೆ ಅದು ಅಪಾಯದ ಸೂಚನೆ. ಆಗ ಉಪವಾಸ ಬಿಟ್ಟು ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ರೋಗಿಗೆ ಉಪವಾಸದಿಂದ ವಿನಾಯಿತಿ ಕೊಟ್ಟಿರುವುದು ಕುರ್‌ಆನ್ ತಾನೇ.

ಇಷ್ಟು ವರ್ಷಗಳಲ್ಲಿ ನಾನು ರೂಢಿಸಿಕೊಂಡ ಕ್ರಮ ಸರಳವಾದುದು. ಇಫ್ತಾರ್‌ನಿಂದ ಸಹರಿಯವರೆಗೆ ನೀರನ್ನು ಒಮ್ಮೆಲೇ ಅಲ್ಲದೆ ಆಗಾಗ ಕುಡಿಯುತ್ತೇನೆ. ಸಹರಿಯಲ್ಲಿ ಹಸಿ ಈರುಳ್ಳಿ, ಬೆಳ್ಳುಳ್ಳಿ ವರ್ಜ್ಯ. ಊಟ ಮುಗಿಸಿ ಬಾಂಗಿಗೆ ಮುನ್ನ ಪೇಸ್ಟ್ ಹಾಕಿ ಹಲ್ಲುಜ್ಜಿ, ಸಂದಿಗಳನ್ನು ದಾರದಿಂದ ಬಿಡಿಸಿ, ನಾಲಗೆಯನ್ನು ಹಿಂಭಾಗದವರೆಗೂ ಕೆರೆಯುತ್ತೇನೆ. ಹಗಲಿನಲ್ಲಿ ಪೇಸ್ಟನ್ನು ಮುಟ್ಟುವುದಿಲ್ಲ. ನುಂಗದಿದ್ದರೆ ಉಪವಾಸ ಮುರಿಯದಾದರೂ ರುಚಿ ಗಂಟಲಿಗಿಳಿಯುವ ಭಯದಿಂದ ಅನೇಕ ಪಂಡಿತರು ಅದನ್ನು ಇಷ್ಟಪಡುವುದಿಲ್ಲ. ಒಣ ಮಿಸ್ವಾಕ್ ಅಥವಾ ನೀರಿನಲ್ಲಿ ಅದ್ದಿದ ಬರಿಯ ಬ್ರಷ್ ಸಾಕು. ವುಜೂ ಮಾಡುವಾಗ ಬಾಯಿಯನ್ನು ಚೆನ್ನಾಗಿ ಮುಕ್ಕಳಿಸಿ ಉಗುಳುತ್ತೇನೆ. ಚೂಯಿಂಗ್ ಗಮ್, ಪುದೀನ ಮಾತ್ರೆಗಳು ಸಂಜೆಯ ನಂತರವೇ. ಬೀಡಿ, ಗುಟ್ಕಾಗಳಿಂದ ಇಫ್ತಾರ್ ಆಚರಿಸುವ ಗೆಳೆಯರು ಎಷ್ಟು ಉಜ್ಜಿದರೂ ಫಲವಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಕಸ್ತೂರಿಯ ಆ ಮಾತನ್ನು ನಾನೀಗ ಬೇರೆ ರೀತಿಯಲ್ಲಿ ಓದುತ್ತೇನೆ. ಬಿಸಿಲಲ್ಲಿ ಉಪವಾಸವಿದ್ದು ದುಡಿದು ಬಂದ ಹಮಾಲಿಯ ಪಕ್ಕದಲ್ಲಿ ನಿಲ್ಲಲು ಮೂಗು ಮುರಿಯುವವನಿಗೆ ಅದು ಎಚ್ಚರಿಕೆ. ತನ್ನ ಉಸಿರಿಗೆ ತಾನೇ ಹೇಸುವ ಬಡ ಉಪವಾಸಿಗೆ ಸಾಂತ್ವನ. ವಾಸನೆಯನ್ನು ಬೆಳೆಸಿಕೊಳ್ಳಿರೆಂಬ ಆಜ್ಞೆ ಅದರಲ್ಲಿ ನನಗೆ ಕಾಣದು. ದೇವರ ಮುಂದೆ ಬಾಯಿ ಹೇಗಿದ್ದರೂ ಕ್ಷಮೆಯುಂಟು. ನೆರೆಯವನ ಮುಂದೆ ಅದನ್ನು ಶುಚಿಯಾಗಿಡುವುದು ನಮ್ಮ ಹೊಣೆ.

ಇದನ್ನೆಲ್ಲ ಊರಿಗೆ ಹೋಗಿ ಅಮ್ಮನಿಗೆ ವಿವರಿಸಿದ್ದುಂಟು. ಅವರು ಸಾವಧಾನದಿಂದ ಕೇಳಿ, ಮಧ್ಯಾಹ್ನದ ನಿಯಮವನ್ನು ಮಾತ್ರ ಬಿಡಲಾರೆ ಎಂದರು. ನಾನು ಒತ್ತಾಯಿಸಲಿಲ್ಲ, ಆ ಪಂಥಕ್ಕೂ ಶತಮಾನಗಳ ವಿದ್ವತ್ತಿನ ಬೆಂಬಲವಿದೆ. ಆದರೆ ಮರುವರ್ಷದಿಂದ ಅವರಲ್ಲೊಂದು ಬದಲಾವಣೆ ಬಂತು. ರಂಜಾನ್‌ಗೆ ಮುಂಚಿನ ಶಾಬಾನ್ ತಿಂಗಳಲ್ಲಿ ಅಕ್ಕಿ, ಖರ್ಜೂರಗಳ ಪಟ್ಟಿ ಬರೆಸುವಾಗ ಕೊನೆಯಲ್ಲಿ ‘ಹಲ್ಲಿನ ಡಾಕ್ಟರು’ ಎಂದೂ ಸೇರಿಸತೊಡಗಿದರು. ತೀರಿಕೊಳ್ಳುವವರೆಗೂ ಆ ಭೇಟಿಯನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ನಮ್ಮ ಮನೆಯ ಪಟ್ಟಿಯಲ್ಲಿ ಆ ಸಾಲು ಇಂದಿಗೂ ಇದೆ.