ತಂದೆ ಕ್ರಾಂತಿಯ ಮುಂದಾಳು, ಮಗ ದೊರೆಯ ಗವರ್ನರ್

ಬೆಂಜಮಿನ್ ಫ್ರಾಂಕ್ಲಿನ್ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ್ದು ಸರ್ವವಿದಿತ. ಅದೇ ವೇಳೆ ಆತನ ಮಗ ವಿಲಿಯಂ, ಬ್ರಿಟಿಷ್ ದೊರೆಗೆ ನಿಷ್ಠನಾಗಿದ್ದ ಕಾರಣಕ್ಕೆ ಕ್ರಾಂತಿಕಾರಿಗಳ ಬಂಧನದಲ್ಲಿದ್ದನೆಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಆತ ನ್ಯೂಜೆರ್ಸಿಯ ಕಟ್ಟಕಡೆಯ ರಾಜನಿಯುಕ್ತ ಗವರ್ನರ್.

ಏನಿದು ಹುದ್ದೆ?

ನ್ಯೂಜೆರ್ಸಿಯ ಆಡಳಿತಾಧಿಕಾರವು 1702ರಲ್ಲಿ ಖಾಸಗಿ ಒಡೆಯರ ಕೈಯಿಂದ ನೇರವಾಗಿ ಬ್ರಿಟಿಷ್ ಸಿಂಹಾಸನಕ್ಕೆ ಸೇರಿತು. ಇಂತಹ ವಸಾಹತುಗಳಲ್ಲಿ ಗವರ್ನರನನ್ನು ನೇಮಿಸುವವನು ದೊರೆ. ಶಾಸನಸಭೆಯ ಮಸೂದೆಗಳನ್ನು ತಿರಸ್ಕರಿಸುವ, ಸಭೆಯನ್ನೇ ವಿಸರ್ಜಿಸುವ ಅಧಿಕಾರ ಗವರ್ನರನಿಗಿತ್ತು. ಆದರೆ ಆತನ ಸಂಬಳಕ್ಕೆ ಹಣ ಮಂಜೂರು ಮಾಡುತ್ತಿದ್ದುದು ಅದೇ ಸಭೆ! ಹೀಗಾಗಿ ದೊರೆಯ ಆಜ್ಞೆ, ಜನರ ಒತ್ತಡಗಳ ನಡುವೆ ಗವರ್ನರ್ ಸದಾ ಇಕ್ಕಟ್ಟಿನಲ್ಲಿರುತ್ತಿದ್ದ.

ತಂದೆಯ ನೆರಳಿನಲ್ಲಿ

ವಿಲಿಯಂ ಹುಟ್ಟಿದ್ದು 1730ರ ಸುಮಾರಿಗೆ, ವಿವಾಹಬಾಹಿರ ಸಂಬಂಧದಲ್ಲಿ. ತಾಯಿ ಯಾರೆಂಬುದು ಇಂದಿಗೂ ಖಚಿತವಿಲ್ಲ. ಬೆಂಜಮಿನ್ ಮಗನನ್ನು ಫಿಲಡೆಲ್ಫಿಯಾದ ತನ್ನ ಮನೆಯಲ್ಲೇ ಬೆಳೆಸಿದ. 1752ರ ಪ್ರಸಿದ್ಧ ಗಾಳಿಪಟ ಪ್ರಯೋಗದಲ್ಲಿ ತಂದೆಗೆ ನೆರವಾದವನೂ ಇವನೇ. ಚಿತ್ರಗಳಲ್ಲಿ ಪುಟ್ಟ ಬಾಲಕನಂತೆ ಕಾಣಿಸಿದರೂ ಆಗ ಆತ 20 ದಾಟಿದ ಯುವಕ. 1757ರಲ್ಲಿ ತಂದೆಯೊಡನೆ ಲಂಡನ್ನಿಗೆ ತೆರಳಿ ಮಿಡಲ್ ಟೆಂಪಲ್‌ನಲ್ಲಿ ಕಾನೂನು ವ್ಯಾಸಂಗ ಪೂರೈಸಿದ. ತಂದೆಯ ಸ್ನೇಹವಲಯದ ಬಲದಿಂದ 1762ರಲ್ಲಿ ಗವರ್ನರ್ ಹುದ್ದೆಯೂ ಒಲಿಯಿತು. ಇಂದು ರಟ್ಗರ್ಸ್ ವಿಶ್ವವಿದ್ಯಾಲಯವಾಗಿರುವ ಕ್ವೀನ್ಸ್ ಕಾಲೇಜಿಗೆ 1766ರಲ್ಲಿ ಸನ್ನದು ನೀಡಿದ್ದು ಈತನ ಅವಧಿಯಲ್ಲೇ.

ಕವಲೊಡೆದ ದಾರಿ

1774ರ ಜನವರಿಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಎದುರು ಬೆಂಜಮಿನ್ ಬಹಿರಂಗವಾಗಿ ಅವಮಾನಿತನಾದ. ವಸಾಹತುಗಳ ಅಂಚೆ ಇಲಾಖೆಯಲ್ಲಿದ್ದ ಉನ್ನತ ಹುದ್ದೆಯೂ ಕೈತಪ್ಪಿತು. ಬ್ರಿಟನ್ನಿನ ಮೇಲಿನ ಆತನ ಭರವಸೆ ಕ್ರಮೇಣ ಕರಗಿತು. ಮಗ ಮಾತ್ರ ಹುದ್ದೆ ಬಿಡಲಿಲ್ಲ. ಸಂಘರ್ಷದ ಬದಲು ದೊರೆಗೆ ಮನವಿ ಸಲ್ಲಿಸುವಂತೆ 1775ರಲ್ಲಿ ಶಾಸನಸಭೆಯನ್ನು ಒತ್ತಾಯಿಸಿದ. 1776ರ ಜೂನ್‌ನಲ್ಲಿ ಬಂಧಿತನಾಗಿ ಕನೆಕ್ಟಿಕಟ್‌ಗೆ ರವಾನೆಯಾದ. ಮರುವರ್ಷ ಪತ್ನಿ ಎಲಿಜಬೆತ್ ಮರಣಶಯ್ಯೆಯಲ್ಲಿದ್ದಾಗ ಆಕೆಯನ್ನು ಕಾಣಲೂ ಅನುಮತಿ ದೊರೆಯಲಿಲ್ಲ.

1778ರಲ್ಲಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆಗೊಂಡ ವಿಲಿಯಂ, ನ್ಯೂಯಾರ್ಕಿನಲ್ಲಿ ರಾಜನಿಷ್ಠರನ್ನು ಸಂಘಟಿಸಿದ. 1782ರಲ್ಲಿ ಸೆರೆಸಿಕ್ಕಿದ್ದ ಜೋಶುವಾ ಹಡ್ಡಿ ಎಂಬ ಕ್ರಾಂತಿಪಕ್ಷದ ಕ್ಯಾಪ್ಟನ್‌ನನ್ನು ರಾಜನಿಷ್ಠರು ಗಲ್ಲಿಗೇರಿಸಿದಾಗ, ಅದರ ಕಳಂಕ ಈತನ ಮಂಡಳಿಗೂ ಅಂಟಿತು. ಅದೇ ವರ್ಷ ಶಾಶ್ವತವಾಗಿ ಇಂಗ್ಲೆಂಡ್ ಸೇರಿದ.

ಮುಗಿಯದ ಮುನಿಸು

ಯುದ್ಧ ಮುಗಿದ ಬಳಿಕ, 1784ರಲ್ಲಿ, ರಾಜಿ ಬಯಸಿ ಮಗ ಪತ್ರ ಬರೆದ. ಇಳಿವಯಸ್ಸಿನಲ್ಲಿ ಮಗನೇ ತನ್ನ ವಿರುದ್ಧ ನಿಂತದ್ದಕ್ಕಿಂತ ದೊಡ್ಡ ನೋವಿಲ್ಲವೆಂದು ತಂದೆ ಉತ್ತರಿಸಿದ. 1785ರಲ್ಲಿ ಸೌತಾಂಪ್ಟನ್‌ನಲ್ಲಿ ಇಬ್ಬರೂ ಕೊನೆಯದಾಗಿ ಭೇಟಿಯಾದರು. ಅಲ್ಲಿ ಬಗೆಹರಿದದ್ದು ಬರಿಯ ಆಸ್ತಿ, ಸಾಲಗಳ ಲೆಕ್ಕ. 1790ರಲ್ಲಿ ತಂದೆ ತೀರಿಕೊಂಡಾಗ ಉಯಿಲಿನಲ್ಲಿ ಮಗನ ಪಾಲಿಗೆ ಉಳಿದದ್ದು ಅತ್ಯಲ್ಪ. ಇಂಗ್ಲೆಂಡ್ ಗೆದ್ದಿದ್ದರೆ ಕೊಡಲು ತನ್ನಲ್ಲಿ ಆಸ್ತಿಯೇ ಇರುತ್ತಿರಲಿಲ್ಲವೆಂಬುದು ಅದಕ್ಕೆ ತಂದೆ ಕೊಟ್ಟ ಕಾರಣ. ಬ್ರಿಟನ್ನಿನೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ಹಿರಿಯ ಮುತ್ಸದ್ದಿಗೆ ಸ್ವಂತ ಮಗನೊಡನೆ ಸಂಧಿ ಸಾಧ್ಯವಾಗಲಿಲ್ಲ.