ಜೂಜಿನ ಅಭ್ಯಾಸ: ಮಿತಿ, ಮುನ್ನೆಚ್ಚರಿಕೆ ಮತ್ತು ಚಿಕಿತ್ಸಾ ಸೌಲಭ್ಯಗಳು

ಯುಗಾದಿಯ ಹೊಸತೊಡಕು ಹಾಗೂ ದೀಪಾವಳಿಯ ಬಲಿಪಾಡ್ಯಮಿಯ ದಿನಗಳಲ್ಲಿ ಇಸ್ಪೀಟು ಆಡುವ ರೂಢಿ ರಾಜ್ಯದ ಹಲವು ಭಾಗಗಳಲ್ಲಿ ಹಿಂದಿನಿಂದ ನಡೆದುಬಂದಿದೆ. ಹಬ್ಬದ ಎರಡು ದಿನ ಆಡಿ ಎದ್ದುಹೋಗುವವರೇ ಇವರಲ್ಲಿ ಹೆಚ್ಚು. ಆದರೆ ಕೆಲವರಲ್ಲಿ ಹಬ್ಬ ಮುಗಿದರೂ ಆಟ ಮುಗಿಯುವುದಿಲ್ಲ. ಮಟ್ಕಾ, ಕ್ರಿಕೆಟ್ ಬೆಟ್ಟಿಂಗ್, ಕುದುರೆ ಪಂದ್ಯ, ಮೊಬೈಲ್ ಮೂಲಕ ಹಣ ಕಟ್ಟಿ ಆಡುವ ಆಟ ಹೀಗೆ ದಾರಿ ಯಾವುದೇ ಆಗಿರಲಿ, ಅದು ನಿಯಂತ್ರಣ ತಪ್ಪಿದ ಮೇಲೆ ಕುಟುಂಬದ ಜಮೀನು, ಮಕ್ಕಳ ಶಾಲಾ ಶುಲ್ಕ, ಕೆಲವು ಸಂದರ್ಭಗಳಲ್ಲಿ ವ್ಯಕ್ತಿಯ ಪ್ರಾಣವೇ ಅಪಾಯಕ್ಕೆ ಸಿಲುಕುತ್ತದೆ. ಈ ಅಭ್ಯಾಸವನ್ನು ಹತೋಟಿಯಲ್ಲಿಡುವ ಕ್ರಮಗಳನ್ನೂ, ಹತೋಟಿ ತಪ್ಪಿದಾಗ ದೊರೆಯುವ ಸರ್ಕಾರಿ ಸೌಲಭ್ಯಗಳನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಸ್ಥಿತಿ

ಮಟ್ಕಾ, ಜೂಜು ಅಡ್ಡೆಗಳನ್ನು ನಡೆಸುವುದು ಹಾಗೂ ಅಡ್ಡೆಯಲ್ಲಿ ಆಡುವುದು ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಅನ್ವಯ ಅಪರಾಧವಾಗಿವೆ. ಹಬ್ಬದ ಆಟವೆಂಬ ಕಾರಣಕ್ಕೆ ಈ ಕಾಯ್ದೆಯಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಲಾಟರಿ ಮಾರಾಟವನ್ನು ರಾಜ್ಯದಲ್ಲಿ 2007ರಲ್ಲಿ ನಿಷೇಧಿಸಲಾಯಿತು. ಪರವಾನಗಿ ಪಡೆದ ಕುದುರೆ ಪಂದ್ಯದ ಮೈದಾನಗಳಲ್ಲಿ ಮಾತ್ರ ಪಂದ್ಯ ಕಟ್ಟಲು ಕಾನೂನಿನ ಅವಕಾಶವಿದೆ. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳು ಕೌಶಲದವಾಗಿರಲಿ, ಅದೃಷ್ಟದವಾಗಿರಲಿ, ಅವುಗಳನ್ನು ನಡೆಸುವುದನ್ನೂ ಜಾಹೀರಾತು ಮಾಡುವುದನ್ನೂ ನಿಷೇಧಿಸುವ ಕೇಂದ್ರ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಈ ಕೇಂದ್ರ ಕಾಯ್ದೆಯಲ್ಲಿ ಶಿಕ್ಷೆಯನ್ನು ವಿಧಿಸಿರುವುದು ಆಟ ನಡೆಸುವವರಿಗೆ, ಪ್ರಚಾರ ಮಾಡುವವರಿಗೆ ಮತ್ತು ಹಣದ ವಹಿವಾಟಿಗೆ ನೆರವಾಗುವವರಿಗೆ. ಕೇವಲ ಆಡಿದವರಿಗೆ ಅಲ್ಲ. ಆದ್ದರಿಂದ ಮೊಬೈಲ್ ಆಟದಲ್ಲಿ ಹಣ ಕಳೆದುಕೊಂಡವರು ಶಿಕ್ಷೆಯ ಭಯದಿಂದ ವೈದ್ಯಕೀಯ ನೆರವನ್ನು ಮುಂದೂಡಬೇಕಾಗಿಲ್ಲ.

ಹಣ ಹೋಗುವ ಬಗೆ

ಆಟದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡುವುದು ಉಪಯುಕ್ತ. ಮಟ್ಕಾದಲ್ಲಿ 00ಯಿಂದ 99ರವರೆಗೆ ನೂರು ಜೋಡಿ ಅಂಕಿಗಳಿವೆ. ಒಂದು ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಹೇಳಿ ಚೀಟಿ ಬರೆದುಕೊಳ್ಳುವಲ್ಲಿ, ಒಬ್ಬ ವ್ಯಕ್ತಿ ನೂರು ಅಂಕಿಗಳಿಗೂ ತಲಾ ಒಂದು ರೂಪಾಯಿ ಕಟ್ಟಿದನೆಂದು ಭಾವಿಸಿದರೆ, ಅವನಿಗೆ ಗೆಲುವು ಖಚಿತ. ಆದರೂ ಕೈಗೆ ಬರುವುದು 80 ರೂಪಾಯಿ, ಹೋಗುವುದು 20 ರೂಪಾಯಿ. ಯಾವ ಅಂಕಿಯನ್ನು ಆರಿಸಿದರೂ ದೀರ್ಘಾವಧಿಯಲ್ಲಿ ಇದೇ ಪ್ರಮಾಣ ಅನ್ವಯಿಸುತ್ತದೆ. ದಿನಕ್ಕೆ 100 ರೂಪಾಯಿ ಕಟ್ಟುವವನು ಸರಾಸರಿ ತಿಂಗಳಿಗೆ 600 ರೂಪಾಯಿಯನ್ನು ಮಟ್ಕಾ ನಡೆಸುವವನಿಗೆ ಬಿಟ್ಟುಕೊಡುತ್ತಾನೆ. ಒಂದು ಅಂಕಿ ಬಹಳ ದಿನಗಳಿಂದ ಬಂದಿಲ್ಲ, ಇಂದು ಬರಲೇಬೇಕು ಎಂಬ ನಂಬಿಕೆಗೂ ಆಧಾರವಿಲ್ಲ. ಕನಸಿನಲ್ಲಿ ಕಂಡ ಅಂಕಿಗೂ ಇದೇ ಮಾತು ಸಲ್ಲುತ್ತದೆ.

ಇಷ್ಟು ನಷ್ಟ ಮಾತ್ರವೇ ಆಗಿದ್ದರೆ ಅನೇಕ ಕುಟುಂಬಗಳು ಅದನ್ನು ತಾಳಿಕೊಳ್ಳುತ್ತಿದ್ದವು. ನಿಜವಾದ ಹಾನಿ ಆಗುವುದು ಕಳೆದ ಹಣವನ್ನು ಅದೇ ಆಟದಲ್ಲಿ ಮರಳಿ ಪಡೆಯಲು ಹೊರಟಾಗ. ಅಂದರ್ ಬಾಹರ್‌ನಲ್ಲಿ 100 ರೂಪಾಯಿ ಸೋತವನು ಮುಂದಿನ ಬಾರಿ 200, ಅನಂತರ 400 ಹೀಗೆ ಇಮ್ಮಡಿ ಕಟ್ಟುತ್ತಾ ಹೋದರೆ, ಸತತ ಏಳು ಸೋಲುಗಳ ವೇಳೆಗೆ 12,700 ರೂಪಾಯಿ ಹೋಗಿರುತ್ತದೆ. ಎಂಟನೆಯ ಬಾರಿ ಕಟ್ಟಬೇಕಾದುದು 12,800 ರೂಪಾಯಿ. ಅದನ್ನು ಗೆದ್ದರೂ ಒಟ್ಟಾರೆ ಲಾಭ 100 ರೂಪಾಯಿ ಮಾತ್ರ. ಸೋತರೆ ಹೋಗುವುದು 25,500 ರೂಪಾಯಿ. ಮೀಟರ್ ಬಡ್ಡಿ ಸಾಲ, ಒಡವೆಗಳ ಗಿರವಿ, ಸ್ವಸಹಾಯ ಸಂಘದ ಹಣದ ದುರ್ಬಳಕೆ ಸಾಮಾನ್ಯವಾಗಿ ಆರಂಭವಾಗುವುದು ಈ ಹಂತದಲ್ಲಿ. ಆಗ ವ್ಯಕ್ತಿ ಆಡುತ್ತಿರುವುದು ಗೆಲ್ಲುವ ಆಸೆಯಿಂದಲ್ಲ, ಮನೆಯವರಿಗೆ ತಿಳಿಯುವ ಮೊದಲು ಹಳ್ಳ ತುಂಬಿಸುವ ಆತುರದಿಂದ.

ಗೆದ್ದ ಹಣವೂ ಪೂರ್ತಿ ಕೈಗೆ ಬರುವುದಿಲ್ಲ. ಲಾಟರಿ ಹಾಗೂ ಕುದುರೆ ಪಂದ್ಯದ ಗೆಲುವಿನ ಮೇಲೆ ಶೇ 30ರ ದರದಲ್ಲಿ ಆದಾಯ ತೆರಿಗೆ ಇದ್ದು, ಅದೇ ಆಟದಲ್ಲಿ ಸೋತ ಟಿಕೆಟ್‌ಗಳ ಹಣವನ್ನು ಅದರಿಂದ ಕಳೆಯಲು ಅವಕಾಶವಿಲ್ಲ.

ಮಿತಿಯೊಳಗೆ ಇರಲು

ಕಾನೂನುಬದ್ಧವಾದ ಸ್ಥಳದಲ್ಲಿ, ಉದಾಹರಣೆಗೆ ಕುದುರೆ ಪಂದ್ಯದ ಮೈದಾನದಲ್ಲಿ ಅಥವಾ ಪ್ರವಾಸದಲ್ಲಿ ಗೋವಾದ ಕ್ಯಾಸಿನೊದಲ್ಲಿ ಆಡಬಯಸುವವರು, ಹೋಗುವ ಮೊದಲೇ ಕಳೆದುಕೊಳ್ಳಲು ಸಿದ್ಧವಿರುವ ಮೊತ್ತವನ್ನು ನಿರ್ಧರಿಸಿ ಅಷ್ಟನ್ನೇ ನಗದಾಗಿ ಒಯ್ಯುವುದು ಸೂಕ್ತ. ಆ ಮೊತ್ತವನ್ನು ಸಿನಿಮಾ ಟಿಕೆಟ್‌ನಂತೆ ಖರ್ಚೆಂದು ಪರಿಗಣಿಸಬೇಕೇ ಹೊರತು ಹೂಡಿಕೆಯೆಂದಲ್ಲ. ಎಟಿಎಂ ಕಾರ್ಡ್ ಮನೆಯಲ್ಲಿರಲಿ. ಸಾಲದ ಹಣದಿಂದ ಆಡಬಾರದು. ಮದ್ಯ ಸೇವಿಸಿದಾಗ ಅಥವಾ ಮನಸ್ಸು ಕೆಟ್ಟಿರುವಾಗ ಆಡಬಾರದು. ಸೋತ ದಿನ ಎದ್ದು ಬರುವುದು ಕಷ್ಟ. ಮಿತಿಯನ್ನು ಮುಂಚಿತವಾಗಿ ಇನ್ನೊಬ್ಬರಿಗೆ ತಿಳಿಸಿರುವವರಿಗೆ ಅದು ಸ್ವಲ್ಪ ಸುಲಭವಾಗುತ್ತದೆ.

ಮೊಬೈಲ್ ಆಟಗಳ ವಿಷಯದಲ್ಲಿ ಮಿತಿ ಎಂಬುದು ಸಾಧುವಲ್ಲ. ಆ್ಯಪ್ ಅನ್ನು ತೆಗೆದುಹಾಕುವುದೇ ಕ್ರಮ. ಭಾರತೀಯ ರಿಸರ್ವ್ ಬ್ಯಾಂಕಿನ ಆದೇಶದಂತೆ 2020ರ ಅಕ್ಟೋಬರ್‌ನಿಂದ ಗ್ರಾಹಕರು ತಮ್ಮ ಕಾರ್ಡಿನ ಆನ್‌ಲೈನ್ ಪಾವತಿಯನ್ನು ತಾವೇ ನಿಲ್ಲಿಸಬಹುದು ಅಥವಾ ಅದರ ಗರಿಷ್ಠ ಮೊತ್ತವನ್ನು ಇಳಿಸಬಹುದು. ರಾತ್ರಿ ಒಂದು ಗಂಟೆಯಲ್ಲಿ ಹುಟ್ಟುವ ಪ್ರಚೋದನೆಗೆ ಇಂತಹ ಸಣ್ಣ ಅಡ್ಡಿಯೂ ಸಾಕಷ್ಟು ತಡೆಯೊಡ್ಡುತ್ತದೆ.

ಚಟದ ಲಕ್ಷಣಗಳು ಮತ್ತು ಮನೆಯವರ ಪಾತ್ರ

ನಿಯಂತ್ರಣ ತಪ್ಪಿದ ಜೂಜು ಸ್ವಭಾವದ ದೋಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದು ಚಿಕಿತ್ಸೆಗೆ ಅರ್ಹವಾದ ಕಾಯಿಲೆಯೆಂದು ನಮೂದಾಗಿದೆ. ಮೊದಲಿನಷ್ಟೇ ಉತ್ಸಾಹಕ್ಕೆ ಹೆಚ್ಚು ಹೆಚ್ಚು ಹಣ ಬೇಕಾಗುವುದು, ಬಿಡಲು ಯತ್ನಿಸಿ ವಿಫಲರಾಗುವುದು, ಆಡದಿದ್ದಾಗ ಸಿಡಿಮಿಡಿಗೊಳ್ಳುವುದು ಹಾಗೂ ಸುಳ್ಳು ಹೇಳುವುದು ಇದರ ಲಕ್ಷಣಗಳು. ಪಾರ್ಕಿನ್ಸನ್ ಕಾಯಿಲೆಗೆ ನೀಡುವ ಕೆಲವು ಔಷಧಗಳಿಂದಲೂ ಹಿಂದೆಂದೂ ಆಡದಿದ್ದ ವೃದ್ಧರಲ್ಲಿ ಈ ಪ್ರವೃತ್ತಿ ಹುಟ್ಟಬಹುದು. ಅಂತಹ ಸಂದರ್ಭದಲ್ಲಿ ಔಷಧವನ್ನು ಸ್ವತಃ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಮನೆಯವರು ಒಮ್ಮೆಲೇ ಎಲ್ಲಾ ಸಾಲ ತೀರಿಸಿ, ಇನ್ನು ಆಡುವುದಿಲ್ಲವೆಂದು ದೇವರ ಮುಂದೆ ಆಣೆ ಮಾಡಿಸಿ ಸುಮ್ಮನಾಗುವುದುಂಟು. ಚಿಕಿತ್ಸೆಯಿಲ್ಲದೆ ಸಾಲ ತೀರಿಸಿದರೆ ಹೊಸ ಸಾಲಕ್ಕೆ ದಾರಿಯಾಗುವ ಸಂಭವವೇ ಹೆಚ್ಚು. ಸಾಲಗಳ ಪೂರ್ಣ ಪಟ್ಟಿ ತಯಾರಿಸುವುದು, ವ್ಯಕ್ತಿಯ ಒಪ್ಪಿಗೆ ಪಡೆದು ಸಂಬಳ ಹಾಗೂ ಬ್ಯಾಂಕ್ ವ್ಯವಹಾರವನ್ನು ಕೆಲವು ತಿಂಗಳು ಇನ್ನೊಬ್ಬರು ನೋಡಿಕೊಳ್ಳುವುದು, ದಿನದ ಖರ್ಚಿಗೆ ಮಾತ್ರ ಹಣ ಕೊಡುವುದು ಇವು ಹೆಚ್ಚು ಫಲಕಾರಿ. ಭಾರತೀಯ ಕರಾರು ಕಾಯ್ದೆ, 1872ರ 30ನೇ ಪ್ರಕರಣದ ಪ್ರಕಾರ ಪಂದ್ಯದ ಕರಾರು ಶೂನ್ಯವಾಗಿದ್ದು, ಪಂದ್ಯದಲ್ಲಿ ಗೆದ್ದವನು ಆ ಹಣಕ್ಕಾಗಿ ನ್ಯಾಯಾಲಯದಲ್ಲಿ ದಾವೆ ಹೂಡಲಾಗದು. ಆದರೆ ಬ್ಯಾಂಕಿನಿಂದ ಪಡೆದ ಸಾಲವನ್ನು ಜೂಜಿಗೆ ಬಳಸಿದ್ದೆಂಬ ಕಾರಣಕ್ಕೆ ಅದು ಮನ್ನಾ ಆಗುವುದಿಲ್ಲ. ಸಾಲ ನೀಡಿದವರು ಬೆದರಿಕೆ ಅಥವಾ ಹಿಂಸೆಗೆ ಇಳಿದಲ್ಲಿ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡಬಹುದು. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನು ತರಲಾಗಿದೆ.

ಚಿಕಿತ್ಸೆ ಪಡೆಯುವ ವಿಧಾನ

ಮೊದಲ ಹೆಜ್ಜೆಗೆ ಅರ್ಜಿ, ಶಿಫಾರಸು ಪತ್ರ ಯಾವುದೂ ಬೇಕಾಗಿಲ್ಲ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಆಪ್ತಸಮಾಲೋಚಕರೊಂದಿಗೆ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಲಭ್ಯವಿದೆ. ಚಟವಿರುವ ವ್ಯಕ್ತಿ ಒಪ್ಪದಿದ್ದರೆ ಪತ್ನಿ, ತಂದೆ ತಾಯಿ ಅಥವಾ ಸಹೋದ್ಯೋಗಿ ಕರೆ ಮಾಡಿಯೂ ಸಲಹೆ ಪಡೆಯಬಹುದು.

ನೇರವಾಗಿ ವೈದ್ಯರನ್ನು ಕಾಣಬಯಸುವವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಹೊರರೋಗಿ ಚೀಟಿ ಮಾಡಿಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಬರುವ ನಿಗದಿತ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳಿತು. ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿಯೂ ಮನೋವೈದ್ಯರನ್ನು ಕಾಣಬಹುದು. ಮೊದಲ ಭೇಟಿಯಲ್ಲಿ ವೈದ್ಯರು ಆಟದ ವಿವರ, ಸಾಲ, ನಿದ್ರೆ, ಮದ್ಯಪಾನ ಮತ್ತು ಆತ್ಮಹತ್ಯೆಯ ಆಲೋಚನೆಗಳ ಕುರಿತು ವಿಚಾರಿಸುತ್ತಾರೆ. ಸಾಲದ ಮೊತ್ತವನ್ನು ಕಡಿಮೆ ಮಾಡಿ ಹೇಳುವವರು ಬಹಳ, ಅದರಿಂದ ಚಿಕಿತ್ಸೆ ತಡವಾಗುತ್ತದೆಯಷ್ಟೆ. ಚಿಕಿತ್ಸೆಯ ಮುಖ್ಯ ಭಾಗ ಮಾತುಕತೆಯೇ ಆಗಿದ್ದು, ಖಿನ್ನತೆ ಮೊದಲಾದವು ಜೊತೆಗಿದ್ದರೆ ಔಷಧ ನೀಡಲಾಗುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಅನ್ವಯ ರೋಗಿಯ ಮಾಹಿತಿಯನ್ನು ಗೌಪ್ಯವಾಗಿಡಬೇಕು. ಕಚೇರಿಗಾಗಲಿ ನೆರೆಹೊರೆಗಾಗಲಿ ತಿಳಿಸುವಂತಿಲ್ಲ.

ಸಾಲದ ಒತ್ತಡದಿಂದ ಜೀವ ಕಳೆದುಕೊಳ್ಳುವ ಮಾತನ್ನು ಯಾರಾದರೂ ಆಡಿದಲ್ಲಿ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕ ಮೊದಲಾದ ವಸ್ತುಗಳನ್ನು ಕೈಗೆ ಸಿಗದಂತೆ ಇರಿಸಿ, ಆ ಕ್ಷಣವೇ 14416 ಅಥವಾ 112ಕ್ಕೆ ಕರೆ ಮಾಡತಕ್ಕದ್ದು. ಆನ್‌ಲೈನ್ ಆಟದ ಹೆಸರಿನಲ್ಲಿ ವಂಚನೆಯಾಗಿದ್ದರೆ 1930 ಸಂಖ್ಯೆಗೆ ಸಾಧ್ಯವಾದಷ್ಟು ಬೇಗ ದೂರು ನೀಡಬೇಕು. ದೂರು ನೀಡುವಾಗ ಪಾವತಿಯ ವಹಿವಾಟು ಸಂಖ್ಯೆ, ದಿನಾಂಕ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಸಿದ್ಧವಾಗಿರಿಸಿಕೊಳ್ಳಬೇಕು.