ಹೊಗೆಯ ಜಾನಪದ ಅರಿವು ಮತ್ತು ಕಾರಿನ ಹೊಗೆ ಪರಿವರ್ತಕ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ಜನಪದರ ಅನುಭವದ ಮಾತು. ಕಂಡ ಹೊಗೆಯಿಂದ ಕಾಣದ ಬೆಂಕಿಯನ್ನು ಊಹಿಸುವ ಈ ಕ್ರಮ ಮೋಟಾರು ದುರಸ್ತಿಯ ಕಸುಬಿನಲ್ಲಿಯೂ ಮುಂದುವರಿದಿದೆ. ಕಪ್ಪು ಹೊಗೆ ಬಂದರೆ ಇಂಧನ ಹೆಚ್ಚಾಗಿದೆಯೆಂದೂ, ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದೂ ಕಸುಬುದಾರರು ಗುರುತಿಸುತ್ತಾರೆ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳು ಕೃಷಿಪ್ರಧಾನವಾದವು. ಬೆಂಗಳೂರು–ಪುಣೆ ಹೆದ್ದಾರಿ ಶಿಗ್ಗಾವಿ ತಾಲೂಕನ್ನು ಹಾಯ್ದು ಹೋಗುತ್ತದೆ. ಇಂತಹ ಪ್ರದೇಶದಲ್ಲಿ ಕಾರಿನ ಬಳಕೆಗೆ ಈ ಅರಿವು ಎಷ್ಟರಮಟ್ಟಿಗೆ ನೆರವಾಗಬಲ್ಲದು ಎಂಬುದು ಪರಿಶೀಲನಾರ್ಹ.

ಪೆಟ್ರೋಲು ಪೂರ್ತಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಮೂಗುಗಳ ಅರಿವು ಸೋಲುವುದು ಇಲ್ಲಿಯೇ. ಹೊಗೆ ಕೊಳವೆಯಲ್ಲಿ ಅಳವಡಿಸಿದ ಪರಿವರ್ತಕವು ಜೇನುಗೂಡಿನಂತೆ ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ದಿಂಡು. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುಲೇಪವಿರುತ್ತದೆ. ಹಾದುಹೋಗುವ ಕಾರ್ಬನ್ ಮಾನಾಕ್ಸೈಡ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ; ಉರಿಯದೆ ಉಳಿದ ಇಂಧನ ನೀರು ಹಾಗೂ ಇಂಗಾಲದ ಡೈಆಕ್ಸೈಡ್ ಆಗುತ್ತದೆ; ಸಾರಜನಕದ ಆಕ್ಸೈಡುಗಳು ಸಾರಜನಕವಾಗಿ ಮರಳುತ್ತವೆ.

ಈ ಮೂರೂ ಕ್ರಿಯೆಗಳು ಒಟ್ಟಿಗೆ ನಡೆಯಬೇಕಾದರೆ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಆದ್ದರಿಂದಲೇ ಕಾರ್ಬ್ಯುರೇಟರಿನ ಸ್ಥಾನಕ್ಕೆ, ಆಮ್ಲಜನಕ ಸಂವೇದಕದ ಸೂಚನೆಯಂತೆ ಇಂಧನ ಚಿಮ್ಮುವ ವ್ಯವಸ್ಥೆ ಬಂದಿತು. ಹೊಗೆಯನ್ನು ಶುದ್ಧಗೊಳಿಸಲು ಹೊರಟ ಸಾಧನ ಎಂಜಿನ್ನಿನ ಉರಿತದ ಶಿಸ್ತನ್ನೂ ಬದಲಿಸಿತು.

ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲು ಕಾರುಗಳಿಗೆ ಪರಿವರ್ತಕ ಕಡ್ಡಾಯವಾಯಿತು. ಪೆಟ್ರೋಲಿನಲ್ಲಿದ್ದ ಸೀಸ ಲೋಹಲೇಪವನ್ನು ಕೆಡಿಸುತ್ತಿದ್ದುದರಿಂದ, ಇದರ ಪ್ರಯೋಜನ ಸಣ್ಣ ಊರುಗಳಿಗೆ ತಲುಪಲು ಮೊದಲು ಇಂಧನವೇ ಬದಲಾಗಬೇಕಿತ್ತು. 2000ದ ಫೆಬ್ರವರಿಯಲ್ಲಿ ಸೀಸರಹಿತ ಪೆಟ್ರೋಲು ದೇಶವ್ಯಾಪಿಯಾಯಿತು.

ಪರಿವರ್ತಕ ಎಂಜಿನ್ನಿನ ಬಲ ಕುಂದಿಸುತ್ತದೆ, ಕಿತ್ತು ಹಾಕಿದರೆ ಲೇಸು ಎಂಬ ನಂಬಿಕೆಯುಂಟು. ಸುಸ್ಥಿತಿಯಲ್ಲಿರುವ ಪರಿವರ್ತಕ ಒಡ್ಡುವ ತಡೆ ಅತ್ಯಲ್ಪ. ರಂಧ್ರಗಳು ಕಟ್ಟಿದಾಗ ಮಾತ್ರ ಹೊಗೆ ಹೊರಹೋಗದೆ ಎಂಜಿನ್ ಸೊರಗುತ್ತದೆ. ಕಿಡಿ ತಪ್ಪಿ ಹಸಿ ಪೆಟ್ರೋಲು ಒಳನುಗ್ಗಿದರೆ ದಿಂಡು ಅತಿಯಾಗಿ ಕಾದು ಕರಗುತ್ತದೆ. ಆಯಿಲ್ ಉರಿದರೆ ಲೇಪದ ಮೇಲೆ ಮಡ್ಡಿ ಕೂರುತ್ತದೆ. ಕಪ್ಪು, ನೀಲಿ ಹೊಗೆಯನ್ನು ಬೇಗನೆ ಗುರುತಿಸುವ ಕಸುಬುದಾರನ ಕಣ್ಣು ಇಲ್ಲಿ ಪರಿವರ್ತಕವನ್ನು ಉಳಿಸಬಲ್ಲದು.

ಆದರೆ ಹೊಗೆ ಕಾಣದಿದ್ದರೆ ಅಪಾಯವಿಲ್ಲವೆಂಬ ತೀರ್ಮಾನ ಪ್ರಾಣಾಂತಿಕವಾದೀತು. ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯುವವರೆಗೆ ಪರಿವರ್ತಕ ಸರಿಯಾಗಿ ಕೆಲಸ ಮಾಡದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಕಾರು ಚಾಲೂ ಇಡುವುದು ಎಂದಿಗೂ ಸಲ್ಲದು. ಕಂಡ ಹೊಗೆಯನ್ನು ಓದಲು ಪರಂಪರೆಯ ಅರಿವು ಸಾಕು. ಕಾಣದ ವಿಷವನ್ನು ಅಳೆಯಲು ಹೊಗೆ ತಪಾಸಣೆಯ ಯಂತ್ರವೇ ಬೇಕು. ಇವೆರಡೂ ಪರಸ್ಪರ ಪೂರಕವೆಂದು ತಿಳಿಯುವುದು ಉಚಿತ.